ಎಸ್ಸೆಸ್ಸೆಲ್ಸಿ ತಪ್ಪಿದ ಹುಡುಗರಿಗೂ ಸೇನೆಯಲ್ಲಿ ದಾರಿ ಇದೆ

ಸಂಪಾದಕರಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ನಿಮ್ಮ ಪತ್ರಿಕೆಯಲ್ಲಿ ಒಳ್ಳೆಯ ಅಂಕ ತೆಗೆದ ಮಕ್ಕಳ ಫೋಟೋ ಹಾಕುತ್ತೀರಿ. ಸಂತೋಷದ ವಿಷಯ. ನಾನು ಬರೆಯುತ್ತಿರುವುದು ಫೋಟೋ ಬಾರದ ಮಕ್ಕಳ ಬಗ್ಗೆ. ಫೇಲಾದವರು, ಪರೀಕ್ಷೆಗೇ ಕೂರದವರು, ಎಂಟಕ್ಕೋ ಒಂಬತ್ತಕ್ಕೋ ಶಾಲೆ ಬಿಟ್ಟವರು. ಇವರಲ್ಲಿ ಎಷ್ಟೋ ಜನರಿಗೆ ಸೇನೆಗೆ ಸೇರಬೇಕು ಅಂತ ಆಸೆ. ಕೊಡಗಿನಲ್ಲಿ ಆ ಆಸೆ ಇಲ್ಲದ ಊರು ಇಲ್ಲ. 'ಶಾಲೆ ಬಿಟ್ಟಾಯ್ತಲ್ಲ, ಇನ್ನು ಭರ್ತಿ ಎಲ್ಲಿಂದ ಬಂತು' ಅಂತ ಮನೆಯವರೂ ಹೇಳುತ್ತಾರೆ, ಊರವರೂ ಹೇಳುತ್ತಾರೆ. ಇದು ತಪ್ಪು ಮಾಹಿತಿ. ಇದನ್ನು ನಂಬಿ ಹುಡುಗರು ವರ್ಷಗಳನ್ನು ಕಳೆದುಕೊಳ್ಳುತ್ತಿದ್ದಾರೆ.

ನಾನು ಸೇನೆಯ ಶಿಕ್ಷಣ ದಳದಲ್ಲಿ, ಅಂದರೆ ಆರ್ಮಿ ಎಜುಕೇಶನ್ ಕೋರ್‌ನಲ್ಲಿ ಇದ್ದವನು. ಜವಾನರಿಗೆ ಪಾಠ ಹೇಳುವುದೇ ನಮ್ಮ ಕೆಲಸ. ಮಧ್ಯಪ್ರದೇಶದ ಪಚ್ಮಢಿಯಲ್ಲಿ ನಮ್ಮ ತರಬೇತಿ ಕೇಂದ್ರ. ಸೇನೆಗೆ ತನ್ನದೇ ಶಿಕ್ಷಣ ಪರೀಕ್ಷೆಗಳಿವೆ. ಮೂರನೇ ದರ್ಜೆ, ಎರಡನೇ ದರ್ಜೆ, ಮೊದಲನೇ ದರ್ಜೆ. ಬಡ್ತಿ ಬೇಕಾದರೆ ಅವನ್ನು ಪಾಸು ಮಾಡಬೇಕು. ಕಡಿಮೆ ಓದಿ ಬಂದ ಹುಡುಗರು ನನ್ನ ಮುಂದೆ ಕೂತು ಮ್ಯಾಪ್ ರೀಡಿಂಗ್ ಕಲಿತಿದ್ದಾರೆ. ನಕ್ಷೆಯ ಮೇಲಿನ ಚೌಕದಲ್ಲಿ ಮೊದಲು ಪೂರ್ವದ ಮೂರು ಅಂಕಿ ಓದಬೇಕು, ಆಮೇಲೆ ಉತ್ತರದ ಮೂರು ಅಂಕಿ. ಅದಲು ಬದಲು ಮಾಡಿದರೆ ನೀವು ಹೇಳಿದ ಜಾಗವೇ ಬೇರೆ, ಶೆಲ್ ಬೀಳುವ ಜಾಗವೇ ಬೇರೆ. ಸ್ಲೇಟು ಬಳಪ ಬಿಟ್ಟು ಹತ್ತು ವರ್ಷವಾದ ಹುಡುಗ ಬೆರಳನ್ನು ಆ ಗೆರೆಯ ಮೇಲೆ ಇಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ ಆರು ಅಂಕಿ ಓದಿ ಸರಿ ಬಂದಾಗ ಅವನ ಮುಖ ನೋಡಬೇಕು. ಅದನ್ನು ನೋಡಿದವನಾದ್ದರಿಂದ, 'ಅವನಿಂದ ಓದು ಆಗಲ್ಲ' ಅಂತ ಯಾರ ಬಗ್ಗೆ ಹೇಳಿದರೂ ನನಗೆ ನಂಬಿಕೆ ಬರುವುದಿಲ್ಲ.

ಅದಕ್ಕೇ ಸೇನೆ ಓದಿನ ಅರ್ಹತೆ ಇಳಿಸಬೇಕು ಅಂತ ನಾನು ಕೇಳುವುದಿಲ್ಲ. ಕೆಲವು ಮುಖಂಡರು ವೇದಿಕೆಯಲ್ಲಿ ಹಾಗೆ ಕೇಳುತ್ತಾರೆ. ನನ್ನ ಅನುಭವದಲ್ಲಿ ಅದು ಹುಡುಗರಿಗೆ ಮಾಡುವ ಉಪಕಾರವಲ್ಲ. ಈಗಿರುವ ನಿಯಮದಲ್ಲೇ ದಾರಿ ಇದೆ. ಅದನ್ನು ಅವರಿಗೆ ತೋರಿಸುವವರು ಇಲ್ಲ, ಅಷ್ಟೇ.

ನಿಯಮ ಹೀಗಿದೆ. 2022ರ ಜೂನ್‌ನಲ್ಲಿ ನಾಲ್ಕು ವರ್ಷದ ಸೇವೆಯ ಅಗ್ನಿಪಥ ಯೋಜನೆ ಬಂತು. ಈಗ ಜವಾನರ ಭರ್ತಿ ಬಹುತೇಕ ಅದರ ಮೂಲಕವೇ. ಹಾಗೆ ಸೇರಿದವರನ್ನು ಅಗ್ನಿವೀರ್ ಅಂತಾರೆ. ಅಗ್ನಿವೀರ್ ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸೈನಿಕನ ಕೆಲಸಕ್ಕೆ, ಹತ್ತನೇ ತರಗತಿ ಪಾಸಾಗಿರಬೇಕು. ಪ್ರತಿ ವಿಷಯದಲ್ಲಿ ಶೇ 33, ಒಟ್ಟಾರೆ ಶೇ 45 ಅಂಕ ಬೇಕು. ನಮ್ಮ ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ 625ಕ್ಕೆ 282. ಸುಮ್ನೆ ಪಾಸಾಗಿ 230, 240 ತೆಗೆದವನಿಗೆ ಅರ್ಜಿ ಹಾಕಲು ಆಗುವುದಿಲ್ಲ. ಇದು ಎಷ್ಟೋ ಮನೆಗಳಿಗೆ ಗೊತ್ತಾಗುವುದು ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬುವಾಗಲೇ. ಅಂಥವರಿಗೂ ಒಂದು ಉಪಾಯ ಇದೆ. 2024ರಿಂದ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಕೊಡುತ್ತಿದ್ದಾರೆ. ಪಾಸಾದವರೂ ಅಂಕ ಜಾಸ್ತಿ ಮಾಡಿಕೊಳ್ಳಲು ಮತ್ತೆ ಬರೆಯಬಹುದು. ನಲವತ್ತು ಅಂಕ ಕಡಿಮೆ ಬಿದ್ದ ಹುಡುಗನಿಗೆ ಇದನ್ನು ಹೇಳಬೇಕಾದವರು ಯಾರು? ಅವನ ಹೆಡ್‌ಮಾಸ್ಟರ್ ಅಲ್ವಾ?

ಟ್ರೇಡ್ಸ್‌ಮನ್ ವಿಭಾಗದಲ್ಲಿ ಹೌಸ್ ಕೀಪರ್ ಮತ್ತು ಮೆಸ್ ಕೀಪರ್ ಕೆಲಸಕ್ಕೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಆ ಕೆಲಸವನ್ನು ಕೀಳು ಅಂತ ಯಾರೂ ನೋಡಬಾರದು. ಹಿಮದಲ್ಲಿ ಬೆಳಗಿನ ಜಾವ ಎದ್ದು ಸೈನಿಕರ ಅಡುಗೆಮನೆಯಾದ ಲಂಗರ್‌ನಲ್ಲಿ ಚಹಾ ಕಾಯಿಸಿ ಕೊಡುವವನಿಲ್ಲದೆ ಯಾವ ಪಲ್ಟನ್ನೂ ನಡೆಯುವುದಿಲ್ಲ. ಅವನೂ ಅದೇ ಸಮವಸ್ತ್ರದ ಸೈನಿಕ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹತ್ತನೇ ತರಗತಿ ಪಾಸಾಗಲು ಶಾಲೆಯ ಬೆಂಚಿನ ಮೇಲೆ ಕೂತಿರಲೇಬೇಕು ಅಂತ ಇಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಎನ್‌ಐಓಎಸ್ ಅಂತಾರೆ. 1989ರಿಂದ ನಡೆಯುತ್ತಿದೆ. ಹದಿನಾಲ್ಕು ವರ್ಷ ತುಂಬಿದವರು ಹತ್ತನೇ ತರಗತಿಗೆ ಹೆಸರು ಕೊಡಬಹುದು. ಐದು ವಿಷಯ ಪಾಸಾದರೆ ಆಯ್ತು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್ ಹೊತ್ತಿಗೆ ಒಂದು, ಅಕ್ಟೋಬರ್ ಹೊತ್ತಿಗೆ ಒಂದು. ಐದು ವರ್ಷದಲ್ಲಿ ಒಂಬತ್ತು ಅವಕಾಶ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿದ್ದರೂ ಪಾಸಾದ ಎರಡು ವಿಷಯಗಳ ಅಂಕವನ್ನು ಇಲ್ಲಿಗೆ ತಂದುಕೊಳ್ಳಬಹುದು. ಈ ಪ್ರಮಾಣಪತ್ರ ಸೇನೆಯ ಭರ್ತಿಗೆ ನಡೆಯುತ್ತದೆ. ಅದಕ್ಕೂ ಅದೇ ಶೇ 33, ಅದೇ ಶೇ 45.

ಕೊಡಗಿಗೆ ಈ ವ್ಯವಸ್ಥೆ ಬಹಳ ಚೆನ್ನಾಗಿ ಹೊಂದುತ್ತದೆ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಮಕ್ಕಳು ಶಾಲೆ ಬಿಡುವುದು ಯಾವಾಗ ಅಂತ ನೋಡಿ. ನವೆಂಬರ್‌ನಲ್ಲಿ ಅರೇಬಿಕಾ ಕಾಫಿ ಹಣ್ಣಾಗಲು ಶುರುವಾಗುತ್ತದೆ. ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ತೋಟದ ಕಾರ್ಮಿಕರ ಸಾಲುಮನೆ, ಅಂದರೆ ಲೈನ್ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ಕೊಯ್ಲಿಗೆ ಹೋಗುತ್ತಾರೆ. ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ದೊಡ್ಡ ಮಗು ಮನೆಯಲ್ಲಿ ಉಳಿಯುತ್ತದೆ. ಕೆಲಸ ಹುಡುಕಿಕೊಂಡು ಕುಟುಂಬ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋದರೆ ಶಾಲೆಯೂ ಬದಲು, ಇಲ್ಲವೇ ಶಾಲೆಯೇ ಇಲ್ಲ. ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಾತಿ ಬೇಕು, ಪರೀಕ್ಷೆ ಮಾರ್ಚ್‌ನಲ್ಲಿ. ಮೂರು ನಾಲ್ಕು ತಿಂಗಳು ಪಾಠ ತಪ್ಪಿಸಿಕೊಂಡ ಮಗು ಅಲ್ಲಿಗೆ ಹೇಗೆ ತಲುಪುತ್ತದೆ? ಮುಕ್ತ ಶಾಲೆಯ ಅಕ್ಟೋಬರ್ ಪರೀಕ್ಷೆಯಾದರೆ ಕೊಯ್ಲು ಶುರುವಾಗುವ ಹೊತ್ತಿಗೆ ಬಹುತೇಕ ಮುಗಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಓದಲು ಸಿಗುತ್ತದೆ. ತೋಟದಲ್ಲಿ ಕೆಲಸ ಕಡಿಮೆ ಇರುವ ಕಾಲ ಅದು.

ಸಿದ್ದಾಪುರದ ಕಡೆಯ ಒಬ್ಬ ಹುಡುಗ ಹೀಗೇ ಓದಿದ. ಒಂಬತ್ತಕ್ಕೆ ಶಾಲೆ ಬಿಟ್ಟಿದ್ದ. ಹದಿನೆಂಟು ತುಂಬಿದ ಮೇಲೆ ಲೈಸೆನ್ಸ್ ಮಾಡಿಸಿಕೊಂಡು ತೋಟದ ಪಿಕಪ್ ಓಡಿಸುತ್ತಿದ್ದ. ಸಂಜೆ ನನ್ನ ಮನೆಗೆ ಬಂದು ಗಣಿತ ಕಲಿಯುತ್ತಿದ್ದ. ಮುಕ್ತ ಶಾಲೆಯಲ್ಲಿ ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಂಡೂ ಪಾಸಾಗಬಹುದು. ನಾನು ಬೇಡ ಅಂದೆ. ಸೇನೆಯ ಆನ್‌ಲೈನ್ ಲಿಖಿತ ಪರೀಕ್ಷೆಯಲ್ಲಿ ಗಣಿತದ ಪ್ರಶ್ನೆ ಬಂದೇ ಬರುತ್ತದೆ. ಒಂದು ಗಂಟೆಯಲ್ಲಿ ಐವತ್ತು ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಅಲ್ಲಿ ಪಾಸಾದರೆ ಮಾತ್ರ ಓಟ, ದೇಹ ಪರೀಕ್ಷೆ ನಡೆಯುವ ರ‍್ಯಾಲಿಗೆ ಕರೆ. ಹುಡುಗ ಒಪ್ಪಿದ, ಓದಿದ, ಪಾಸಾದ. ಶೇ 45 ದಾಟಿದ.

ಆಮೇಲೆ ತೊಂದರೆ ಶುರುವಾಯಿತು. ಮುಕ್ತ ಶಾಲೆಯಿಂದ ಪಾಸಾದವರು ತರುವ ಶಾಲೆ ಬಿಟ್ಟ ಪತ್ರಕ್ಕೆ, ಅಂದರೆ ಟಿಸಿಗೆ, ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು ಅಂತ ಭರ್ತಿ ಅಧಿಸೂಚನೆ ಹೇಳುತ್ತದೆ. ಹುಡುಗ ಟಿಸಿಯನ್ನು ಮಳೆ ತಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಕಚೇರಿಗೆ ಹೋದ. ಯಾವ ಕಚೇರಿ ಅಂತ ಹೆಸರು ಹೇಳುವುದಿಲ್ಲ. ಗುಮಾಸ್ತರು ಕವರಿನಿಂದ ತೆಗೆಯದೆಯೇ ವಾಪಸ್ ಕೊಟ್ಟರಂತೆ. 'ಇದು ನಮ್ಮ ಬೋರ್ಡ್ ಅಲ್ಲ, ಇದಕ್ಕೆ ನಾವು ಸಹಿ ಹಾಕಲ್ಲ.' ಹುಡುಗ ಬಂದು ನನ್ನ ಜಗಲಿಯಲ್ಲಿ ನಿಂತು ಹೇಳಿದ, 'ಸಾರ್, ಇದು ನಡೆಯಲ್ವಂತೆ.' ಟಿಸಿ ನಮ್ಮದೇ ಜಿಲ್ಲೆಯ ಸರ್ಕಾರಿ ಶಾಲೆಯದ್ದು. ಸಹಿ ಬೇಕಾದದ್ದು ಅದಕ್ಕೆ. ನಾನು ಅಧಿಸೂಚನೆಯ ಆ ಪುಟ ಪ್ರಿಂಟ್ ತೆಗೆಸಿ, ಕೆಳಗೆ ಗೆರೆ ಎಳೆದು, ಅವನ ಜೊತೆಗೇ ಹೋದೆ. ಅಧಿಕಾರಿಗಳು ಓದಿ ಎರಡು ನಿಮಿಷದಲ್ಲಿ ಸಹಿ ಹಾಕಿದರು. ಅವರ ಮೇಲೆ ನನಗೆ ದೂರಿಲ್ಲ. ಆದರೆ ನನ್ನಂಥ ನಿವೃತ್ತ ಸುಬೇದಾರ್ ಒಬ್ಬ ಜೊತೆಗೆ ಹೋಗದಿದ್ದರೆ ಆ ಹುಡುಗನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಜೊತೆಗೆ ಯಾರೂ ಇಲ್ಲದ ಎಷ್ಟು ಮಕ್ಕಳು ಹಾಗೆ ವಾಪಸ್ ಹೋಗಿದ್ದಾರೋ ಅನ್ನುವುದೇ ನನ್ನ ಸಂಕಟ.

ವಯಸ್ಸಿನ ಲೆಕ್ಕ ಬೇರೆ ಇದೆ. ಅಗ್ನಿಪಥ ಬಂದಾಗ ಹದಿನೇಳೂವರೆಯಿಂದ 21 ವರ್ಷ ಅಂತ ನಿಗದಿ ಮಾಡಿದ್ದರು. ಆ ಒಂದು ವರ್ಷಕ್ಕೆ ಮಾತ್ರ 23ಕ್ಕೆ ಏರಿಸಿದ್ದರು. ಅಂದರೆ ಹುಡುಗರಿಗೆ ಸಿಗುವುದು ಕೆಲವೇ ವರ್ಷ. ಅದರಲ್ಲಿ ಒಂದು ಸಹಿಗೆ ಒಂದು ರ‍್ಯಾಲಿ ತಪ್ಪಿದರೆ ಆ ನಷ್ಟವನ್ನು ಯಾರು ತುಂಬಿಕೊಡುತ್ತಾರೆ?

ಇಂಥ ಕಡೆಯೇ ಏಜೆಂಟರು ಹುಟ್ಟಿಕೊಳ್ಳುತ್ತಾರೆ. 'ಪರೀಕ್ಷೆ ಬರೆಯುವುದು ಬೇಡ, ಮಾರ್ಕ್ಸ್ ಕಾರ್ಡ್ ನಾವೇ ತರಿಸಿ ಕೊಡ್ತೀವಿ' ಅನ್ನುತ್ತಾರೆ. ಯಾವುದೋ ರಾಜ್ಯದ, ಯಾರೂ ಕೇಳದ ಬೋರ್ಡಿನ ಹೆಸರು. ತಂದೆ ತಾಯಂದಿರಿಗೆ ಕೈಮುಗಿದು ಹೇಳುತ್ತೇನೆ, ದಯವಿಟ್ಟು ಆ ಕಡೆ ಹೋಗಬೇಡಿ. ಸೇನೆ ಪ್ರತಿ ಪ್ರಮಾಣಪತ್ರವನ್ನೂ ಅದು ಬಂದ ಬೋರ್ಡಿಗೇ ಕಳಿಸಿ ಪರಿಶೀಲಿಸುತ್ತದೆ. ಸುಳ್ಳು ಅಂತ ಗೊತ್ತಾದರೆ ಕೆಲಸ ಹೋಗುತ್ತದೆ. ಭರ್ತಿ ಸಮಯದಲ್ಲಿ ಬೇಕಂತಲೇ ಸುಳ್ಳು ಹೇಳಿದವರಿಗೆ 1950ರ ಸೇನಾ ಕಾಯ್ದೆಯ 44ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಏಜೆಂಟನಿಗೆ ಕೊಡುವ ದುಡ್ಡಿನಲ್ಲಿ ಮುಕ್ತ ಶಾಲೆಯ ಶುಲ್ಕ ಕಟ್ಟಿ, ಪುಸ್ತಕ ತಂದು, ಓಡಲು ಒಂದು ಜೊತೆ ಶೂ ಕೊಡಿಸಬಹುದು.

ಸೇನೆಗೆ ಶೇ 45 ಆಗಲಿಲ್ಲ ಅಂತಲೂ ಕೈಚೆಲ್ಲಬೇಡಿ. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳ ಜಿ.ಡಿ. ಕಾನ್ಸ್‌ಟೇಬಲ್ ಹುದ್ದೆಗೆ ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ಶೇಕಡಾವಾರು ಲೆಕ್ಕ ಇಲ್ಲ. 2024ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

ಹತ್ತು ಓದಿ ಅಗ್ನಿವೀರ್ ಆದವರು ಅಲ್ಲಿಗೇ ಓದು ನಿಲ್ಲಿಸಬೇಕಾಗಿಯೂ ಇಲ್ಲ. ಸೇವೆಯಲ್ಲಿ ಇರುವಾಗಲೇ ಹನ್ನೆರಡನೇ ತರಗತಿ ಪಾಸು ಮಾಡಲು ಇದೇ ಮುಕ್ತ ಶಾಲೆಯಲ್ಲಿ ವಿಶೇಷ ವ್ಯವಸ್ಥೆ ಮಾಡುವುದಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2022ರಲ್ಲೇ ಹೇಳಿದೆ. ನಾಲ್ಕು ವರ್ಷದ ನಂತರ ಕಾಯಂ ಆಗುವವರು ಶೇ 25ರವರೆಗೆ ಮಾತ್ರ. ಉಳಿದವರು ಊರಿಗೆ ಬರುತ್ತಾರೆ. ಸೇವೆ ಮುಗಿದಾಗ ಸಿಗುವ ಸೇವಾನಿಧಿಯ ದುಡ್ಡಿನ ಜೊತೆ ಪಿಯುಸಿಗೆ ಸಮನಾದ ಪ್ರಮಾಣಪತ್ರವೂ ಕೈಯಲ್ಲಿದ್ದರೆ ಮುಂದಿನ ಕೆಲಸಕ್ಕೆ ಅನುಕೂಲ. ಇದನ್ನು ಹೋಗುವ ಮೊದಲೇ ಹುಡುಗರ ತಲೆಗೆ ಹಾಕಬೇಕು.

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಜಯಂತಿಯನ್ನು ಪ್ರತಿ ಜನವರಿ 28ಕ್ಕೆ ಮಾಡುತ್ತೇವೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ ಸನ್ನಿಸೈಡ್ ಮನೆ 2021ರಿಂದ ಮ್ಯೂಸಿಯಂ ಆಗಿದೆ. ಶಾಲೆ ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಾರೆ, ಒಳ್ಳೆಯದು. ಕೂಡಿಗೆಯಲ್ಲಿ ಸೈನಿಕ ಶಾಲೆ ಇದೆ, ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆದು ಸೇರುವ ಮಕ್ಕಳಿಗೆ ದಾರಿ ಸ್ಪಷ್ಟವಾಗಿದೆ. ಲೈನ್ ಮನೆಯ ಮಗುವಿಗೆ, ಆದಿವಾಸಿಗಳ ಹಾಡಿಯ ಮಗುವಿಗೆ ಅಷ್ಟೇ ಸ್ಪಷ್ಟವಾಗಿ ದಾರಿ ತೋರಿಸುವ ಒಂದು ಬೋರ್ಡ್ ಕೂಡ ಜಿಲ್ಲೆಯಲ್ಲಿ ನನಗೆ ಕಂಡಿಲ್ಲ.

ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರಲ್ಲಿ ನನ್ನ ವಿನಂತಿ ದೊಡ್ಡದಲ್ಲ. ಮುಕ್ತ ಶಾಲೆಯ ಅಭ್ಯರ್ಥಿಗಳ ಟಿಸಿಗೆ ಮೇಲುಸಹಿ ಹಾಕಿಕೊಡಬೇಕು ಅಂತ ಎಲ್ಲ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಒಂದು ಸುತ್ತೋಲೆ ಕಳಿಸಿ. ಅದನ್ನು ಕೌಂಟರಿನ ಪಕ್ಕದಲ್ಲಿ ಕನ್ನಡದಲ್ಲಿ ಅಂಟಿಸಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಮಳೆಗಾಲದಲ್ಲಿ ಸಂಜೆ ಎರಡು ಗಂಟೆ ಪಾಠಕ್ಕೆ ಬಿಟ್ಟುಕೊಡಿ. ಪಾಠ ಹೇಳಲು ಸಂಬಳ ಕೊಟ್ಟು ಯಾರನ್ನೂ ತರಬೇಕಾಗಿಲ್ಲ. ಈ ಜಿಲ್ಲೆಯಲ್ಲಿ ನಿವೃತ್ತ ಸೈನಿಕರಿಗೆ ಕೊರತೆ ಇಲ್ಲ. ಓಟ ಕಲಿಸುವವರು, ಪುಲ್‌ಅಪ್ ಕಲಿಸುವವರು, ಅರ್ಜಿ ತುಂಬಿಕೊಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಸೋಮವಾರಪೇಟೆ ಸುತ್ತಮುತ್ತ ಎಲ್ಲಿ ಕರೆದರೂ ಗಣಿತ ಮತ್ತು ಸಾಮಾನ್ಯ ಜ್ಞಾನ ಹೇಳಿಕೊಡಲು ನಾನು ಬರುತ್ತೇನೆ. ಜೂನ್‌ಗೆ ಮೊದಲೇ ಸುತ್ತೋಲೆ ಬಂದರೆ ಈ ಮಳೆಗಾಲದಲ್ಲೇ ಪಾಠ ಶುರು ಮಾಡಬಹುದು.

ಇಂತಿ,
ಒಬ್ಬ ನಿವೃತ್ತ ಸುಬೇದಾರ್, ಸೇನಾ ಶಿಕ್ಷಣ ದಳ
ಸೋಮವಾರಪೇಟೆ ತಾಲ್ಲೂಕು, ಕೊಡಗು