ರಸ್ತೆಯಿಂದ ಓಡಿಬಂದ ಆ ಯೋಧರಿಗೆ

ಕೊಡಗಿನ ಪೊನ್ನಂಪೇಟೆ ಕಡೆಯ ನಮ್ಮ ಐನ್‌ಮನೆಯ (ಕುಟುಂಬದ ಮೂಲಮನೆ) ಅಟ್ಟದಲ್ಲಿ, ತಾತನ ಟ್ರಂಕಿನೊಳಗೆ ತುಕ್ಕು ಹಿಡಿದ ಶೆಲ್ (ಸಿಡಿಗುಂಡು) ಸಿಕ್ಕಿತು. ನಮ್ಮ ಕೂಗು ಕೇಳಿ ಬಂದವರು ನೀವು, ಸೇನೆಯ ಬಾಂಬ್ ನಿಷ್ಕ್ರಿಯ ದಳದವರು, ರಜೆಯಲ್ಲಿದ್ದವರು. ಮುಟ್ಟಲೇ ಇಲ್ಲ. ದೂರದಿಂದ ನೋಡಿ, 112ಕ್ಕೆ ಕರೆ ಮಾಡಿಸಿ, ಎಲ್ಲರನ್ನೂ ಕಾಫಿ ಕಣದಾಚೆ ಕಳಿಸಿದಿರಿ. ಹಠ ಹಿಡಿದ ಅಜ್ಜಿಗೆ ಕೊಡೆ ಹಿಡಿದು ನೀವೇ ನಡೆಸಿಕೊಂಡು ಹೋದಿರಿ. ಅವರ ಎಲೆಯಡಿಕೆ ಡಬ್ಬಿಯೂ ನಿಮ್ಮ ಕೈಲೇ!

ಕಾಯುವಾಗ ನಡುಗುತ್ತಿದ್ದ ಮಗನಿಗೆ ನಿಮ್ಮ ಬಾಂಬ್ ಸೂಟಿನ ಕಥೆ ಹೇಳಿದಿರಿ: 30 ಕಿಲೋಗೂ ಮಿಕ್ಕಿದ ತೂಕ, ಮೈಯೆಲ್ಲ ಕವಚ, ಆದರೆ ಕೈ ಮಾತ್ರ ಬರಿದು, ಬೆರಳಿಗೆ ಸೂಕ್ಷ್ಮ ತಿಳಿಯಬೇಕಲ್ಲ. ಮನುಷ್ಯ ಹೋಗಬಾರದ ಕಡೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮಾಡಿದ ‘ದಕ್ಷ್’ ರೋಬೋ ಹೋಗುತ್ತದಂತೆ. ಅವನ ನಡುಕ ಅಲ್ಲಿಗೇ ನಿಂತಿತು, ನನ್ನದೂ.

ಪೊಲೀಸರು ಶೆಲ್ ಒಯ್ಯುವಷ್ಟರಲ್ಲಿ ನೀವು ಹೊರಟಿದ್ದಿರಿ. ತುಂಬಾ ಧನ್ಯವಾದ. ಹುತ್ತರಿ ಹಬ್ಬಕ್ಕೆ ಊರಲ್ಲಿದ್ದರೆ ಬನ್ನಿ, ಅಜ್ಜಿ ವಿಚಾರಿಸುತ್ತಲೇ ಇದ್ದಾರೆ.