ಲೈಲಾ ಅಂದ್ರೆ ರಾತ್ರಿ, ಹೌದು

ಪ್ರೀತಿಯ ಮಗಳೇ, ಅಸ್ಸಲಾಮು ಅಲೈಕುಮ್.

ನಿನ್ನ ಕಾಗದ ಓದ್ತಾ ಓದ್ತಾ ಒಂದು ಸಾಲಿನ ಹತ್ರ ನಿಂತ್ಬಿಟ್ಟೆ. "ಖಾಲಾ, ಲೈಲಾ ಅಂದ್ರೆ ರಾತ್ರಿ ಅಂತೆ, ಕತ್ತಲೆ ಹೆಸರಿಟ್ರೆ ಮಗು ಬಾಳೂ ಕತ್ತಲೆ ಆಗುತ್ತೆ ಅಂತಾರೆ, ಭಯ ಆಗ್ತಿದೆ" ಅಂತ ಬರ್ದಿದ್ದೀಯಲ್ಲ, ಎರಡು ದಿನದಿಂದ ಅದೇ ತಲೇಲಿ ಕೂತಿದೆ. ಇದೇ ಮಾತನ್ನ ಒಬ್ರು ನಂಗೂ ಹೇಳಿದ್ರು.

ಅರ್ಥ ರಾತ್ರಿನೇ, ಅರಬ್ಬಿಲಿ ಲೈಲ್ ಅಂದ್ರೆ ಅದೇ. ಆದ್ರೆ ಮರಳುಗಾಡಲ್ಲಿ ಬದುಕಿದ ಜನಕ್ಕೆ ರಾತ್ರಿ ಅಂದ್ರೆ ಬಿಸಿಲು ಇಳಿದು ಜೀವ ತಂಪಾಗೋ ಹೊತ್ತು ಕಣೇ, ಅವರ ಹಾಡುಗಾರರು ಇವತ್ತಿಗೂ ಆಲಾಪ ತೆಗೆಯೋದು "ಯಾ ಲೈಲ್, ಯಾ ಐನ್", ಓ ರಾತ್ರಿಯೇ ಓ ಕಣ್ಣೇ ಅಂತ. ಕುರ್‌ಆನ್‌ನ 92ನೇ ಸೂರಾ, ಅಂದ್ರೆ ಅಧ್ಯಾಯದ ಹೆಸರೇ ಅಲ್-ಲೈಲ್. 97ನೇ ಸೂರಾದಲ್ಲಿ ಸಾವಿರ ತಿಂಗಳಿಗಿಂತ ಮೇಲು ಅಂತ ಹೇಳಿರೋದೂ ಒಂದು ರಾತ್ರಿನೇ. ಪ್ರವಾದಿಯವರು ಅರ್ಥ ಕೆಟ್ಟದಿದ್ರೆ ಹೆಸರು ಬದಲಾಯಿಸ್ತಿದ್ರು, ಅವರ ಸಂಗಾತಿ ಉಮರ್ ಅವರ ಮಗಳಿಗೆ ಆಸಿಯಾ, ಅಂದ್ರೆ ಮಾತು ಕೇಳದವಳು, ಅಂತಿದ್ದದ್ದನ್ನ ಜಮೀಲಾ ಅಂತ ಮಾಡಿದ್ರು (ಈಜಿಪ್ಟಿನ ದೊರೆ ಫಿರೌನನ ಹೆಂಡತಿ ಆಸಿಯಾ ಹೆಸರು ಬೇರೆ, ಅರಬ್ಬಿಲಿ ಅಕ್ಷರನೇ ಬೇರೆ). ಆ ಕಾಲದಲ್ಲೇ ಅಬೂ ಹಸ್ಮಾ ಅವರ ಮಗಳು ಲೈಲಾ ಇದ್ರು, ಅಬಿಸೀನಿಯಾಕ್ಕೆ (ಈಗಿನ ಇಥಿಯೋಪಿಯಾ ಕಡೆ) ಹಿಜ್ರತ್, ಅಂದ್ರೆ ವಲಸೆ, ಹೋದವರು, ಅವರು ಲೈಲಾ ಆಗೇ ಉಳಿದ್ರು.

ಇದೆಲ್ಲ ಆಗ ನಂಗೆ ಗೊತ್ತಿರ್ಲಿಲ್ಲ. ನನ್ನ ಮಗಳು ಹೊಟ್ಟೇಲಿದ್ದಾಗ್ಲೇ ಒಂದು ಚೀಟಿ ಮೇಲೆ ಅರಬ್ಬಿಲಿ ಬರ್ದಿಟ್ಕೊಂಡಿದ್ದೆ, ಲಾಮ್, ಯಾ, ಲಾಮ್, ಆಮೇಲೆ ಚುಕ್ಕಿ ಇಲ್ಲದ ಯಾ, ನೋಡೋಕೆ ಯಾ ಥರ ಇದ್ರೂ ಅದನ್ನ ಆ ಅಂತ ಎಳೆದು ಓದ್ಬೇಕು. ಆ ಕೊನೆ ಅಕ್ಷರದ ಬಾಗು ಚೆನ್ನಾಗಿ ಬರೋವರೆಗೂ ಎಷ್ಟು ಸಲ ಬರೆದೆನೋ. ಹೆಸರಿಡೋ ದಿನ ಹಿರಿಯರೊಬ್ರು ಕತ್ತಲೆ ಅಂದ್ರು, ನಾನು ಬಾಯಿ ಮುಚ್ಕೊಂಡೆ. ಬೇರೆ ಹೆಸರು ಇಟ್ವಿ, ಒಳ್ಳೇ ಹೆಸರೇ. ಆದ್ರೆ ಯಾರೂ ಇಲ್ಲದಾಗ ಹಾಲು ಕುಡಿಸ್ತಾ ಕಿವೀಲಿ ಲೈಲಾ ಅಂತಿದ್ದೆ, ಅವಳು ಕುಡಿಯೋದು ಬಿಟ್ಟು ನನ್ನನ್ನೇ ನೋಡೋಳು. ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.

ಎಷ್ಟೋ ವರ್ಷ ಆದ್ಮೇಲೆ ಹೊಳೀತು, ರಜನಿ, ನಿಶಾ, ಯಾಮಿನಿ, ಶರ್ವರಿ, ಎಲ್ಲಾ ರಾತ್ರಿನೇ ಅಲ್ವಾ? ನನ್ನ ಜೊತೆ ಓದಿದ ರಜನಿನ ಯಾರಾದ್ರೂ ಕತ್ತಲೆ ಅಂದ್ರಾ? ಯಾಕೆ ಆಗ ಇದನ್ನ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ ಅಂತ ಇನ್ನೂ ಸಂಕಟ ಆಗುತ್ತೆ.

ಯಾರಾದ್ರೂ ಲೈಲಾ-ಮಜ್ನು ಕಥೆ ಎತ್ತಿದ್ರೂ ಹೆದರ್ಬೇಡ. ಮಜ್ನೂನ್ ಅಂದ್ರೆ ಹುಚ್ಚು ಹಿಡಿದವನು, ಅವನ ನಿಜವಾದ ಹೆಸರು ಖೈಸ್, ಆ ಹುಚ್ಚು ಅವನದ್ದು, ಲೈಲಾದಲ್ಲ. ನಿಜಾಮಿ ಅನ್ನೋ ಕವಿ 1188ರಲ್ಲಿ ಅದನ್ನ ಪರ್ಷಿಯನ್ ಕಾವ್ಯ ಮಾಡಿದ್ಮೇಲೆ ಈ ಹೆಸರು ಇನ್ನೂ ಹರಡ್ತೇ ಹೊರತು ಯಾರೂ ಇಡೋದು ಬಿಡ್ಲಿಲ್ಲ. ತುರ್ಕಿಯವರು ಲೇಲಾ ಅಂತಾರೆ, ಫ್ರೆಂಚರಲ್ಲೂ ಲೇಲಾ ಇದ್ದಾರೆ. ಅಮೆರಿಕದಲ್ಲಿ 2015ರ ಹೊತ್ತಿಗೆ ಹೆಣ್ಣುಮಕ್ಕಳಿಗೆ ಇಡೋ ಮೊದಲ 50 ಹೆಸರಲ್ಲಿ ಇದೂ ಒಂದು. ಅಷ್ಟು ತಾಯಂದಿರು ಮಕ್ಕಳಿಗೆ ಕತ್ತಲೆ ಬಯಸಿದ್ರಾ?

ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ, ಇಂಗ್ಲಿಷ್‌ನಲ್ಲಿ ಎ-ವೈ ಹಾಕ್ತೀಯೋ ಎ-ಐ ಹಾಕ್ತೀಯೋ ಮೊದಲೇ ನಿರ್ಧಾರ ಮಾಡ್ಕೋ, ಜನನ ಪ್ರಮಾಣಪತ್ರದಲ್ಲಿ ಒಂದು, ಪಾಸ್‌ಪೋರ್ಟ್‌ನಲ್ಲಿ ಒಂದು ಆದ್ರೆ ಆಮೇಲೆ ತಿದ್ದಿಸೋದು ಕಷ್ಟ. ಕೆಲವರು ಲೀಲಾ ಅಂತ ಬರ್ಕೋತಾರೆ, ಅದು ಸಂಸ್ಕೃತದ್ದು, ಸಂಬಂಧ ಇಲ್ಲ, ನಿಂತು ತಿದ್ದಿಸು. ಇಷ್ಟೇ ನನ್ನ ಬುದ್ಧಿವಾದ. ಬೇರೆ ಹೆಸರು ಇಟ್ರೂ ನಂಗೆ ಬೇಜಾರಿಲ್ಲ, ಆದ್ರೆ ಹೆದರ್ಕೊಂಡು ಬದಲಾಯಿಸ್ಬೇಡ ಕಂದಾ, ಹೆದರ್ಕೊಂಡು ಮಾತ್ರ ಬೇಡ.

ಆ ಚೀಟಿ ಇನ್ನೂ ಇತ್ತು. ಮಡಿಕೆ ಹತ್ರ ಸ್ವಲ್ಪ ಹರಿದಿದೆ. ಇದರ ಜೊತೆ ಇಟ್ಟಿದ್ದೀನಿ.

ನಿನ್ನ ಖಾಲಾ