ಕಡತ ಮುಚ್ಚಿತು, ಪಾದ ಸವೆಯುತ್ತಲೇ ಇದೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಕುಷ್ಠರೋಗಕ್ಕೆ ಬಹುಔಷಧ ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳು ಇಲ್ಲವೇ 12 ತಿಂಗಳು. ಅದು ಮುಗಿದೊಡನೆ ‘ಗುಣಮುಖ’ ಎಂದು ಬರೆದು ಕಡತ ಮುಚ್ಚುತ್ತಾರೆ. ರೋಗಾಣು ಸತ್ತಿರುವುದು ನಿಜ. ಆದರೆ ಅಷ್ಟರೊಳಗೆ ನರಗಳು ಕೆಟ್ಟಿದ್ದವರ ಕಾಲಿನ ಕಷ್ಟ ಅಲ್ಲಿಗೆ ನಿಲ್ಲುವುದಿಲ್ಲ. ಇಂಥ ಪಾದಗಳ ಎಕ್ಸ್-ರೇ, ಎಂಆರ್‌ಐಗಳನ್ನು ನೋಡುವ ವೈದ್ಯೆಯಾಗಿ ಇದನ್ನು ಬರೆಯುತ್ತಿದ್ದೇನೆ.

ಕಾಲಿನ ಹರಡಿನ ಒಳಬದಿಯಲ್ಲಿ ಹಾದುಹೋಗುವ ನರ ಹಾಳಾದರೆ ಅಂಗಾಲಿಗೆ ಸ್ಪರ್ಶ ತಿಳಿಯದು, ಬೆವರು ಬಾರದು. ಒಣಗಿದ ಚರ್ಮ ಬಿರಿಯುತ್ತದೆ. ಕಲ್ಲು ಚುಚ್ಚಿದ್ದೂ ಗೊತ್ತಾಗದೆ ನಡೆಯುತ್ತಾರೆ. ಬೆರಳುಗಳ ಬುಡದಲ್ಲಿ ಹುಣ್ಣಾಗಿ ಸೋಂಕು ಮೂಳೆಗಿಳಿಯುತ್ತದೆ. ಎಕ್ಸ್-ರೇಯಲ್ಲಿ ಬೆರಳ ಮೂಳೆಗಳು ಕರಗಿರುತ್ತವೆ, ಅವುಗಳ ಹಿಂದಿನ ಉದ್ದ ಮೂಳೆಗಳ ತುದಿ ಚೀಪಿದ ಮಿಠಾಯಿಯಂತೆ ಮೊನಚಾಗಿರುತ್ತದೆ. ಕುಷ್ಠದಿಂದ ಬೆರಳು ಉದುರುತ್ತದೆಂಬ ನಂಬಿಕೆ ತಪ್ಪು. ಮತ್ತೆ ಮತ್ತೆ ಆಗುವ ಗಾಯ, ಸೋಂಕುಗಳೇ ಅದನ್ನು ಸವೆಸುವುದು. ಅವನ್ನು ತಡೆಯಲು ಸಾಧ್ಯವಿದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಪಾದ ಕೆಂಪಾಗಿ, ಬಿಸಿಯಾಗಿ ಊದಿರುತ್ತದೆ, ಆದರೆ ನೋವು ಅಷ್ಟಾಗಿ ಇರುವುದಿಲ್ಲ. ನೋವಿಲ್ಲವೆಂದೇ ರೋಗಿಯನ್ನು ಮನೆಗೆ ಕಳುಹಿಸುತ್ತಾರೆ. ಒಳಗೆ ಪಾದದ ನಡುಭಾಗದ ಕೀಲುಗಳು ಮುರಿದು ಜಾರಲು ತೊಡಗಿರಬಹುದು. ಮೊದಮೊದಲು ಎಕ್ಸ್-ರೇಯಲ್ಲಿ ಏನೂ ಕಾಣದಿರಬಹುದು. ಎಂಆರ್‌ಐ ಆಗಲೇ ಮೂಳೆಯೊಳಗಿನ ಊತವನ್ನು ತೋರಿಸಬಲ್ಲದು. ಆದರೆ ಮೂಳೆಯ ಸೋಂಕಿನಲ್ಲೂ ಇಂಥದೇ ಊತ! ಹುಣ್ಣಿನಿಂದ ಮೂಳೆಯವರೆಗೆ ಕೀವಿನ ದಾರಿ ಇದೆಯೇ, ಊತ ಹುಣ್ಣಿನ ಕೆಳಗಿನ ಮೂಳೆಯಲ್ಲಷ್ಟೇ ಇದೆಯೇ, ಹಲವು ಕೀಲುಗಳ ಸುತ್ತ ಹಬ್ಬಿದೆಯೇ ಎಂದು ತಾಳ್ಮೆಯಿಂದ ನೋಡಬೇಕು. ಸೋಂಕಾದರೆ ಆ್ಯಂಟಿಬಯೋಟಿಕ್, ಕೆಲವೊಮ್ಮೆ ಶಸ್ತ್ರಚಿಕಿತ್ಸೆ. ಕೀಲು ಕುಸಿಯುತ್ತಿದ್ದರೆ ಪ್ಲಾಸ್ಟರ್ ಹಾಕಿ, ಭಾರ ಬೀಳದಂತೆ ನೋಡಿಕೊಳ್ಳಬೇಕು. ಇಲ್ಲಿ ಎಡವಿದರೆ ಉಳಿಸಬಹುದಾಗಿದ್ದ ಕಾಲು ಉಳಿಯದೇ ಹೋಗಬಹುದು.

ಆದ್ದರಿಂದ ಚಿಕಿತ್ಸೆ ಮುಗಿಸಿದವರ ಪಾದಗಳ ನಿಯಮಿತ ತಪಾಸಣೆಗೆ ಆದೇಶ ಹೊರಡಿಸಿ. ಅಂಗಾಲಿನ ಸ್ಪರ್ಶ ಪರೀಕ್ಷಿಸಲು ಒಂದು ನೈಲಾನ್ ಎಳೆ ಸಾಕು. ಮೆತ್ತನೆಯ ಅಟ್ಟೆಯ ಚಪ್ಪಲಿಯನ್ನು ಒಮ್ಮೆ ಕೊಟ್ಟು ಮರೆಯಬೇಡಿ, ಸವೆದಾಗ ಬದಲಿಸಿಕೊಡಿ. ವರ್ಷಗಟ್ಟಲೆ ಮಾಯದ ಹುಣ್ಣು ಕ್ಯಾನ್ಸರ್ ಆಗಬಹುದು. ಅದು ಬೆಳೆಯತೊಡಗಿದರೆ ಬಯಾಪ್ಸಿ ಮಾಡಿಸಿ. ನೋವಿಲ್ಲದೆ ಊದಿದ ಪಾದಕ್ಕೆ ಅದೇ ದಿನ ಎಕ್ಸ್-ರೇ ಆಗಲಿ, ಅನುಮಾನ ಉಳಿದರೆ ಎಂಆರ್‌ಐ ಆಗಲಿ. ಖರ್ಚನ್ನು ಸರ್ಕಾರ ಭರಿಸಲಿ.

ಇತಿ,
ಒಬ್ಬ ರೇಡಿಯಾಲಜಿಸ್ಟ್